ಆ ಚಾ ಗ್ಲಾಸು ಯಾರದ್ದು?

"ಟೀಚರ್, ಅವಳು ಕಿಟಕಿ ಗ್ಲಾಸಿಗೆ ಇಟ್ಟು ಬಿಡಿಸಿದ್ದು. ಅದು ಮೋಸ ಅಲ್ವಾ?"

ಮೇ ತಿಂಗಳ ರಜೆಯ ಒಂದು ಶನಿವಾರ. ಉಡುಪಿ ಅಂಬಲಪಾಡಿಯ ನಮ್ಮ ಮನೆಯ ಮಾಳಿಗೆಯಲ್ಲಿ ಹನ್ನೊಂದು ಮಕ್ಕಳು ಕೂತು ಚಿತ್ರ ಬಿಡಿಸುತ್ತಿದ್ದರು. ದೂರು ಹೇಳಿದವನಿಗೆ ಹನ್ನೆರಡು ವರ್ಷ, ಯಾರ ಮೇಲೆ ದೂರೋ ಆ ಹುಡುಗಿಗೂ ಅಷ್ಟೇ. ಅವಳು ತನ್ನ ಅಜ್ಜಿಯ ಫೋಟೋವನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿ, ಕಿಟಕಿಗೆ ಹಿಡಿದು, ಮೇಲೆ ಡ್ರಾಯಿಂಗ್ ಶೀಟು ಇಟ್ಟು ಗೆರೆ ಎಳೆದುಕೊಂಡು ಬಂದಿದ್ದಳು. ಎಲ್ಲರೂ ನನ್ನ ಮುಖ ನೋಡಿದರು. "ಮೋಸ ಎಲ್ಲ ಅಲ್ಲ, ಸುಮ್ಮನೆ ಕೂತು ಬಿಡ್ಸು ನೀನು" ಎಂದು ಹುಡುಗನ ಬಾಯಿ ಮುಚ್ಚಿಸಿಬಿಟ್ಟೆ. ಹುಡುಗಿಯ ಕಣ್ಣು ಅಷ್ಟರಲ್ಲೇ ತುಂಬಿತ್ತು. ಆ ಉತ್ತರ ಸಾಲದು ಎಂದು ಆ ವಾರವಿಡೀ ನನಗೆ ಅನಿಸುತ್ತಲೇ ಇತ್ತು. ಅವನ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಬೇಕಾದರೆ ನನ್ನದೇ ಒಂದು ಹಳೆಯ ವಿಷಯ ಹೇಳಬೇಕಾಗುತ್ತದೆ. ಅದನ್ನು ಇಲ್ಲಿ ಬರೆಯುತ್ತೇನೆ.

ಅದಕ್ಕೂ ಮೊದಲು ಅಪ್ಪನ ಸುದ್ದಿ.

ಅಪ್ಪನಿಗೆ ಕಲ್ಸಂಕದ ಹತ್ತಿರ ಬೋರ್ಡು ಬರೆಯುವ ಅಂಗಡಿ ಇತ್ತು. ಫ್ಲೆಕ್ಸ್ ಬರುವ ತನಕ ಅದೇ ನಮ್ಮ ಅನ್ನ. ಬೋರ್ಡಿನ ಜೊತೆಗೆ ತೀರಿಹೋದವರ ಪಟವನ್ನೂ ಬರೆದುಕೊಡುತ್ತಿದ್ದರು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಹಾರ ಹಾಕಲು ದೊಡ್ಡ ಪಟ ಬೇಕು, ಮನೆಯಲ್ಲಿ ಇರುವುದು ಯಾರದೋ ಮದುವೆಯ ಗ್ರೂಪ್ ಫೋಟೋ ಒಂದೇ. ಅದರಲ್ಲಿ ಹಿಂದಿನ ಸಾಲಿನಲ್ಲಿ ನಿಂತವರ ಮುಖ ಹೆಬ್ಬೆರಳಿನ ಉಗುರಿನಷ್ಟು. ಅಪ್ಪ ಒಂದು ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲಿಂಚಿನ ಚೌಕ ಗೀರಿಕೊಂಡು ಫೋಟೋದ ಮೇಲಿಡುತ್ತಿದ್ದರು. ಬೋರ್ಡಿನ ಮೇಲೆ ಎರಡಿಂಚಿನ ಚೌಕ. ಎಂಟು ಪಟ್ಟು. ಯಾವ ಚೌಕದಲ್ಲಿ ಮೂಗಿನ ತುದಿ, ಯಾವ ಚೌಕದಲ್ಲಿ ಕಿವಿಯ ಬುಡ ಅಂತ ಒಂದೊಂದೇ ಇಳಿಸುತ್ತಾ ಬರುವುದು. ಆ ಕಾಲಕ್ಕೆ ಅದನ್ನು ಮೋಸ ಎಂದವರನ್ನು ನಾನು ನೋಡಿಲ್ಲ. ಅಪ್ಪ ಚೌಕಗಳನ್ನು ಅಡಗಿಸಿದವರೂ ಅಲ್ಲ, ಅಂಗಡಿಗೆ ಬಂದವರ ಎದುರಿಗೇ ಗೀರುತ್ತಿದ್ದರು.

ಆದರೆ ಚೌಕ ಹಾಕುವ ಮೊದಲು ಅಪ್ಪ ಮನೆಯವರನ್ನು ಕೂರಿಸಿಕೊಂಡು ಕೇಳುತ್ತಿದ್ದ ಪ್ರಶ್ನೆಗಳಿದ್ದವಲ್ಲ, ಅವು ಈಗಲೂ ನನ್ನ ಕಿವಿಯಲ್ಲಿವೆ. "ಅವರು ಎಲೆಅಡಿಕೆ ಹಾಕ್ತಿದ್ರಾ? ಯಾವ ಬದಿಗೆ ಇಟ್ಟುಕೊಳ್ತಿದ್ರು?" "ಕನ್ನಡಕ ಯಾವಾಗಲೂ ಹಾಕ್ತಿದ್ರಾ, ಪೇಪರ್ ಓದುವಾಗ ಮಾತ್ರವಾ?" "ಬಿಸಿಲಲ್ಲಿ ಕೆಲಸ ಮಾಡಿದವರಾ, ಒಳಗೆ ಕೂತು ಕೆಲಸ ಮಾಡಿದವರಾ?" ಕಪ್ಪುಬಿಳುಪು ಫೋಟೋ, ಬಣ್ಣ ಅದರಲ್ಲಿ ಸಿಗುವುದಿಲ್ಲ. ಮಗ ಒಂದು ಹೇಳುತ್ತಿದ್ದ, ಹೆಂಡತಿ ಇನ್ನೊಂದು ಹೇಳುತ್ತಿದ್ದಳು, ಕೊನೆಗೆ ಯಾರಾದರೂ ಅಳುತ್ತಿದ್ದರು. ಎಲ್ಲ ಕೇಳಿಸಿಕೊಂಡು ಅಪ್ಪ ಎಡಗೆನ್ನೆಯನ್ನು ಕೂದಲೆಳೆಯಷ್ಟು ಉಬ್ಬಿಸುತ್ತಿದ್ದರು. ಫೋಟೋದಲ್ಲಿ ಆ ಉಬ್ಬು ಇರುತ್ತಿರಲಿಲ್ಲ. ಪಟ ಒಯ್ಯಲು ಬಂದವರು ಮೊದಲು ನೋಡುತ್ತಿದ್ದದ್ದು ಅದನ್ನೇ.

ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್‌ಗೆ ನಾನು ವರ್ಷಕ್ಕೊಮ್ಮೆಯಾದರೂ ಹೋಗಿ ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿ ಬರುತ್ತೇನೆ. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1900ರ ಆಸುಪಾಸಿನಲ್ಲಿ ಅದರ ಗೋಡೆ, ಮಾಡು ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದರು. ಅವುಗಳಲ್ಲಿ ಹಲವು ಫ್ರೆಸ್ಕೋ. ಫ್ರೆಸ್ಕೋ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚುವುದು. ಗಾರೆ ಒಣಗುವುದರೊಳಗೆ, ಅಂದರೆ ಅದೇ ದಿನ, ಆ ತುಂಡು ಮುಗಿಯಬೇಕು. ಅಲ್ಲಿ ನಿಂತುಕೊಂಡು ಅಳಿಸಿ ತಿದ್ದಲು ಸಮಯವಿಲ್ಲ. ಹಾಗಾಗಿ ಯುರೋಪಿನ ಫ್ರೆಸ್ಕೋ ಕಲಾವಿದರು ಗೋಡೆಯಷ್ಟೇ ದೊಡ್ಡ ಕಾಗದದಲ್ಲಿ ಮೊದಲೇ ಚಿತ್ರ ಬಿಡಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಕಾಗದವನ್ನು ಗೋಡೆಗೆ ಹಿಡಿದು, ಬಟ್ಟೆಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ತಟ್ಟುತ್ತಿದ್ದರು. ಕಾಗದ ತೆಗೆದರೆ ಗೋಡೆಯಲ್ಲಿ ಚುಕ್ಕೆಯ ಗೆರೆ. ನಮ್ಮ ದೇಶದ ಮೊಗಲ, ರಜಪೂತ ಕಿರುಚಿತ್ರದ ಕಲಾವಿದರೂ ಹೀಗೆಯೇ ತೂತು ಮಾಡಿದ ಖಾಕೆಗಳನ್ನು, ಅಂದರೆ ಮಾದರಿ ರೇಖಾಚಿತ್ರಗಳನ್ನು, ಇಟ್ಟುಕೊಂಡು ಅಪ್ಪನಿಂದ ಮಗನಿಗೆ ದಾಟಿಸುತ್ತಿದ್ದರು.

ಇದನ್ನು ಓದಿ ತಿಳಿದಾಗ ನನಗೆ ನೆನಪಾದದ್ದು ಅಮ್ಮ. ಸೀರೆಗೆ ಕಸೂತಿ ಹಾಕುವ ಮೊದಲು ಅಮ್ಮ ಟ್ರೇಸಿಂಗ್ ಪೇಪರಿನ ಹೂವಿಗೆ ಸೂಜಿಯಿಂದ ತೂತು ಮಾಡಿ, ಸೀಮೆಎಣ್ಣೆಯಲ್ಲಿ ನೀಲಿ ಪುಡಿ ಕಲಸಿ ಬಟ್ಟೆಯಿಂದ ಮೇಲೆ ಒರೆಸುತ್ತಿದ್ದಳು. ಇಡೀ ಮನೆ ಸೀಮೆಎಣ್ಣೆ ವಾಸನೆ. ಹೂವಿನ ಅಂದಾಜು ಸೀರೆಗೆ ಇಳಿಯುತ್ತಿತ್ತು, ದಾರದ ಕೆಲಸ ಮಾತ್ರ ಪೂರ್ತಿ ಅವಳದೇ.

ಹಾಗಿರುವಾಗ ಟ್ರೇಸ್ ಮಾಡುವ ಕೈಯನ್ನು ಕಳ್ಳನ ಕೈ ಎಂದು ನಾನು ಹೇಗೆ ಹೇಳಲಿ? ಅದಕ್ಕೆ ಒಪ್ಪಲು ನನ್ನಿಂದ ಆಗುವುದಿಲ್ಲ. ಫೋಟೋ ನೋಡಿ ಬಿಡಿಸುವುದನ್ನಂತೂ ತಪ್ಪು ಎನ್ನಲು ಸಾಧ್ಯವೇ ಇಲ್ಲ. 1878ರಲ್ಲಿ ಮೈಬ್ರಿಜ್ ಎಂಬವರು ಓಡುವ ಕುದುರೆಯ ಫೋಟೋಗಳನ್ನು ಸಾಲಾಗಿ ತೆಗೆಯುವ ತನಕ ದೊಡ್ಡ ದೊಡ್ಡ ಚಿತ್ರಕಾರರೇ ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಬಿಡಿಸುತ್ತಿದ್ದರು. ನಾಲ್ಕೂ ಕಾಲು ನೆಲ ಬಿಡುವುದು ಹೌದು, ಆದರೆ ಆಗ ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಬರಿಗಣ್ಣಿಗೆ ಅದು ಸಿಕ್ಕಿರಲಿಲ್ಲ.

ಆದರೆ ಫೋಟೋವನ್ನೂ ಪೂರ್ತಿ ನಂಬಬಾರದು. ನನ್ನ ಕ್ಲಾಸಿನ ಮಕ್ಕಳಿಗೆ ಕಂಬಳ ಎಂದರೆ ಪ್ರಾಣ. ಮೊಬೈಲಿನಲ್ಲಿ ಬಂದ ಕಂಬಳದ ಫೋಟೋ ನೋಡಿ ಬಿಡಿಸುತ್ತಾರೆ. ಆ ಕ್ಯಾಮೆರಾ ಸೆಕೆಂಡಿನ ಎಷ್ಟೋ ಸಾವಿರದ ಒಂದು ಪಾಲಿನಲ್ಲಿ ನೀರನ್ನು ನಿಲ್ಲಿಸಿಬಿಟ್ಟಿರುತ್ತದೆ. ಒಂದೊಂದು ಹನಿಯೂ ಗಾಜಿನ ಗೋಲಿ. ಮಕ್ಕಳು ಗೋಲಿಗಳನ್ನೇ ಬಿಡಿಸುತ್ತಾರೆ, ನೀರು ಬಿಡಿಸುವುದಿಲ್ಲ. ಕೋಣಗಳು ಓಡುವ ಕೆಸರಿನ ಕರೆಯ ಬದಿಯಲ್ಲಿ ನಿಂತು ನೋಡಿದವರಿಗೆ ಹನಿ ಎಲ್ಲಿ ಕಾಣುತ್ತದೆ? ಕೆಸರು ಬೆರೆತ ಒಂದು ಬಿಳಿ ಪರದೆ ಎದ್ದು ಬರುತ್ತದೆ, ಅದರೊಳಗಿಂದ ಕೋಣಗಳ ಮೂತಿ, ಹಿಂದೆ ಓಡಿಸುವವನ ಎತ್ತಿದ ಕೈ. ಅಷ್ಟರಲ್ಲಿ ಮುಖಕ್ಕೆ ಕೆಸರು ಬಿದ್ದಿರುತ್ತದೆ.

ಆ ಹುಡುಗಿಯ ಅಜ್ಜಿಗೂ ಹೀಗೇ ಆಗಿತ್ತು. ಫೋಟೋವನ್ನು ತೀರಾ ಹತ್ತಿರದಿಂದ ತೆಗೆದದ್ದು. ಹತ್ತಿರ ಹೋದಷ್ಟೂ ಮುಂದಿರುವ ಮೂಗು ದೊಡ್ಡದಾಗುತ್ತದೆ, ಕಿವಿಗಳು ಹಿಂದಕ್ಕೆ ಸರಿದು ಸಣ್ಣದಾಗುತ್ತವೆ. ಅವಳು ಆ ಮೂಗನ್ನೂ ಕಿವಿಯನ್ನೂ ಹಾಗೆಯೇ ಇಳಿಸಿದ್ದಳು. ರೆಪ್ಪೆಯ ಗೆರೆಯಿಂದ ಹಿಡಿದು ಸೀರೆ ಸೆರಗಿನ ಗೆರೆಯ ತನಕ ಒಂದೇ ದಪ್ಪ, ಒಂದೇ ಒತ್ತು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ನೃತ್ಯದ ರೇಖೆಗಳನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಅಲ್ಲಿ ಗೆರೆ ಓಡುತ್ತಾ ಓಡುತ್ತಾ ಸಪೂರವಾಗುತ್ತದೆ, ತಿರುಗುವಲ್ಲಿ ದಪ್ಪವಾಗುತ್ತದೆ. ಟ್ರೇಸ್ ಮಾಡುವಾಗ ಕೈ ಕೆಳಗಿನ ಗೆರೆ ತಪ್ಪಬಾರದೆಂದು ಹೆದರಿಕೊಂಡೇ ಹೋಗುತ್ತದೆ. ಆ ಹೆದರಿಕೆ ಕಾಗದದಲ್ಲಿ ಕಾಣುತ್ತದೆ. ಹುಡುಗಿ ಯಾರಿಗೂ ಮೋಸ ಮಾಡಿರಲಿಲ್ಲ. ಅಜ್ಜಿಯನ್ನು ನೋಡಿರಲಿಲ್ಲ, ಅಷ್ಟೇ.

ಮೋಸ ಮಾಡಿದ್ದು ನಾನು.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಮಂಗಳೂರಿನಲ್ಲಿ ನಾಲ್ಕು ಮಂದಿ ಸೇರಿ ಒಂದು ಪ್ರದರ್ಶನ ಇಟ್ಟಿದ್ದೆವು. ನನ್ನ ಚಿತ್ರಗಳಲ್ಲಿ ಒಂದು ಯಕ್ಷಗಾನದ ಚೌಕಿಯದ್ದು, ಅಂದರೆ ವೇಷ ಕಟ್ಟುವ ಜಾಗದ್ದು. ವೇಷಧಾರಿಯೊಬ್ಬರು ಪೆಟ್ಟಿಗೆಯ ಮೇಲೆ ಕೂತು, ಕೈಗನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿದ್ದಾರೆ. ಅರ್ಧ ಮುಖಕ್ಕೆ ಬಣ್ಣ ಆಗಿದೆ, ಇನ್ನರ್ಧದಲ್ಲಿ ದಣಿದ ಮನುಷ್ಯ. ಹಿಂದೆ ಹಗ್ಗದಲ್ಲಿ ಚೌಕುಳಿ ಬೈರಾಸು. ಪೆಟ್ಟಿಗೆಯ ಮೂಲೆಯಲ್ಲಿ ಅರ್ಧ ಕುಡಿದ ಚಾದ ಗ್ಲಾಸು, ಕೆನೆ ಕಟ್ಟಿದ್ದು. ಫೋಟೋ ನನಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದು. ಪ್ರೊಜೆಕ್ಟರಿನಿಂದ ಕ್ಯಾನ್ವಾಸಿಗೆ ಬಿಟ್ಟು ಗೆರೆ ತೆಗೆದುಕೊಂಡೆ, ಬಣ್ಣಕ್ಕೆ ಹದಿನೈದು ದಿನ ಕೂತೆ. ನೋಡಿದವರೆಲ್ಲ ಆ ಗ್ಲಾಸನ್ನೇ ಹೊಗಳಿದರು. "ಎಷ್ಟು ಸೂಕ್ಷ್ಮ ಗಮನ ಮಾರಾಯ್ರೆ ನಿಮ್ಮದು" ಎಂದರು. ನಾನು ನಕ್ಕು ಸುಮ್ಮನಾದೆ. ಎರಡನೇ ದಿನ ಹನ್ನೆರಡು ಸಾವಿರಕ್ಕೆ ಚಿತ್ರ ಮಾರಾಟವಾಯಿತು.

ಮೂರನೇ ದಿನ ಮಧ್ಯಾಹ್ನ ಒಬ್ಬರು ಬಂದರು. ಐವತ್ತು ದಾಟಿದವರು, ಹೆಗಲಿಗೆ ಕ್ಯಾಮೆರಾ ಚೀಲ. ಆ ಚಿತ್ರದ ಎದುರು ತುಂಬಾ ಹೊತ್ತು ನಿಂತರು. ನಾನು ಹತ್ತಿರ ಹೋಗಿ ನಮಸ್ಕಾರ ಎಂದೆ.

"ನೀವು ಆ ಯಕ್ಷಗಾನ ಆಟಕ್ಕೆ ಬಂದಿದ್ರಾ ಮೇಡಂ?" ಎಂದು ಕೇಳಿದರು.

ನನಗೆ ಉತ್ತರ ಹೊರಡಲಿಲ್ಲ.

"ಆ ಚಾ ಗ್ಲಾಸು ಅವರದ್ದಲ್ಲ, ನಂದು. ಕುಂದಾಪುರದ ಆಚೆ ಒಂದು ಹರಕೆ ಆಟ. ರಾತ್ರಿ ಒಂದು ಗಂಟೆ ಆಗಿತ್ತು. ಕೈಯಲ್ಲಿ ಚಾ ಇತ್ತು, ಅವರು ಕನ್ನಡಿ ಎತ್ತಿದ್ದು ನೋಡಿ ಗ್ಲಾಸನ್ನು ಅಲ್ಲೇ ಪೆಟ್ಟಿಗೆ ಮೇಲಿಟ್ಟು ಫೋಟೋ ತೆಗೆದೆ. ಆಮೇಲೆ ಅದು ಫ್ರೇಮಿನೊಳಗೆ ಬಂದಿದೆ ಅಂತ ಬೇಜಾರಾಗಿತ್ತು."

ಅವರು ಗಟ್ಟಿಯಾಗಿ ಮಾತಾಡಲಿಲ್ಲ. ಜಗಳ ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತೇನೋ. ನಾನು ಅಲ್ಲೇ ಒಪ್ಪಿಕೊಂಡೆ. ಚಿತ್ರ ಕೊಂಡವರಿಗೆ ಅದೇ ಸಂಜೆ ಫೋನ್ ಮಾಡಿ ಇದು ಇಂಥವರ ಫೋಟೋ ಎಂದು ತಿಳಿಸಿದೆ. ಬಂದ ಹಣದಲ್ಲಿ ಅರ್ಧವನ್ನು ಫೋಟೋ ತೆಗೆದವರಿಗೆ ಕೊಟ್ಟೆ. ಅವರು ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡರು.

ನನ್ನ ತಪ್ಪು ಪ್ರೊಜೆಕ್ಟರಿನದ್ದಲ್ಲ. ನಾನು ಒಂದು ಆಟಕ್ಕೂ ಹೋಗಿ ಚೌಕಿಯಲ್ಲಿ ಕೂರದೆ, ಇನ್ನೊಬ್ಬರ ನಿದ್ದೆಗೆಟ್ಟ ರಾತ್ರಿಯನ್ನು ನನ್ನದೆಂದು ತೋರಿಸಿದ್ದೆ. ಆ ಕ್ಷಣವನ್ನು ಆರಿಸಿದ್ದು ಅವರು, ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿದ್ದು ಅವರು, ದಣಿದ ಅರ್ಧ ಮುಖಕ್ಕೆ ಬೆಳಕು ಬೀಳುವುದನ್ನು ಕಾದವರು ಅವರು. ಹೊಗಳಿಕೆ ಮಾತ್ರ ನನಗೆ ಬಂತು, ನಾನು ಅದನ್ನು ಬಾಯಿಮುಚ್ಚಿ ತೆಗೆದುಕೊಂಡೆ.

ಕಾನೂನಿನ ಮಾತೂ ಉಂಟು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಫೋಟೋ ತೆಗೆದವರನ್ನೇ ಅದರ ಕರ್ತೃ ಎಂದು ಹೇಳಿದೆ, ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಮಾತ್ರಕ್ಕೆ ಅದು ಊರಿನವರ ಸ್ವತ್ತಾಗುವುದಿಲ್ಲ. ಆಂಡಿ ವಾರ್ಹೊಲ್‌ನಂಥ ಹೆಸರುವಾಸಿ ಕಲಾವಿದ ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ತೆಗೆದ ಗಾಯಕನೊಬ್ಬನ ಫೋಟೋದಿಂದ ಚಿತ್ರಗಳನ್ನು ಮಾಡಿದ್ದರು. ಅವುಗಳಲ್ಲೊಂದನ್ನು ವಾರ್ಹೊಲ್ ಫೌಂಡೇಶನ್ ಪತ್ರಿಕೆಗೆ ಕೊಟ್ಟು ಹಣ ಪಡೆದ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2023ರಲ್ಲಿ ಆ ಹೆಂಗಸಿನ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ ನನಗೆ ಆ ದಿನ ಕೋರ್ಟು ಬೇಕಾಗಿರಲಿಲ್ಲ.

ಈಗ ನಾನು ಮೊಬೈಲು ಹಿಡಿದು ನಾನೇ ಫೋಟೋ ತೆಗೆಯುತ್ತೇನೆ, ಇಲ್ಲವಾದರೆ ತೆಗೆದವರಲ್ಲಿ ಕೇಳುತ್ತೇನೆ. ಕೇಳಿದಾಗ ಹೆಚ್ಚಿನವರು ಸಂತೋಷದಿಂದಲೇ ಒಪ್ಪುತ್ತಾರೆ. ಬೇಡ ಎಂದರೆ ಬಿಟ್ಟುಬಿಡುತ್ತೇನೆ. ಪ್ರೊಜೆಕ್ಟರು ಈಗಲೂ ಮಾಳಿಗೆಯಲ್ಲಿದೆ. ದೊಡ್ಡ ಗೋಡೆಯ ಕೆಲಸ ಬಂದಾಗ ಬಳಸುತ್ತೇನೆ, ಕೇಳಿದವರಿಗೆ ಬಳಸಿದ್ದೇನೆ ಎಂದೇ ಹೇಳುತ್ತೇನೆ.

ಮುಂದಿನ ಶನಿವಾರ ಇದಿಷ್ಟನ್ನೂ ಮಕ್ಕಳಿಗೆ ಹೇಳಿದೆ. ಪ್ರಶ್ನೆ ಕೇಳಿದ ಹುಡುಗನಲ್ಲಿ, ಹೋದ ವಾರ ನಿನ್ನ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು ಎಂದೂ ಹೇಳಿದೆ. ಹುಡುಗಿಗೆ, "ಟ್ರೇಸ್ ಮಾಡಿದ್ದನ್ನು ಹರಿಯಬೇಡ, ಇಟ್ಟುಕೋ. ಆದರೆ ಈ ವಾರ ಫೋಟೋ ಇಲ್ಲದೆ ಅಜ್ಜಿಯ ಎದುರು ಕೂತು ಬಿಡಿಸಿಕೊಂಡು ಬಾ" ಎಂದೆ.

ಅವಳು ತಂದದ್ದು ಒಂದೇ ಹಾಳೆ, ಎರಡೂ ಬದಿಗೆ ಏಳು ಅರ್ಧಂಬರ್ಧ ಅಜ್ಜಿಯರು. "ಅಜ್ಜಿ ಕೂರುವುದೇ ಇಲ್ಲ ಟೀಚರ್, ಹಲಸಿನ ಹಣ್ಣು ಬಿಡಿಸ್ತಾ ಇದ್ರು" ಎಂದಳು. ಮೂಗು ಎಲ್ಲೋ, ಕಣ್ಣು ಎಲ್ಲೋ. ಆದರೆ ಒಂದರಲ್ಲಿ ಕೈ ಇತ್ತು. ಮೇಣ ಹಿಡಿಯದಂತೆ ಎಣ್ಣೆ ಸವರಿದ ಬೆರಳುಗಳು ಅಗಲಕ್ಕೆ ಬಿಡಿಸಿಕೊಂಡು, ಹೆಬ್ಬೆರಳು ಸೊಳೆಯೊಳಗೆ ಹೊಕ್ಕು ಬೀಜವನ್ನು ಹೊರಗೆ ತಳ್ಳುತ್ತಿತ್ತು. ಆ ಹೆಬ್ಬೆರಳಿನ ಗೆರೆಯನ್ನು ಅವಳು ಮೂರು ಸಲ ಒತ್ತಿ ಎಳೆದಿದ್ದಳು.

ಎರಡೂ ಹಾಳೆಗಳನ್ನು ಗೋಡೆಗೆ ಪಕ್ಕಪಕ್ಕ ಅಂಟಿಸಿದ್ದೇನೆ. ಟ್ರೇಸ್ ಮಾಡಿದ ಅಜ್ಜಿಯ ಕೆಳಗೆ ಹುಡುಗಿ ತಾನಾಗಿಯೇ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿದ್ದಾಳೆ: "ಫೋಟೋ ತೆಗೆದದ್ದು ನನ್ನ ಮಾಮ, ಮಸ್ಕತ್‌ನಿಂದ ಬಂದಿದ್ದಾಗ."