ವಿಜಯಪುರದ ಹಳೇ ಊರಲ್ಲಿ ಮಾಳಿಗೆ ಮನೆ ಕೊಳ್ಳುವ ಮುಂಚೆ

ಕೋಟೆಯೊಳಗಿನ ಓಣಿಗಳಲ್ಲಿ ಹಳೇ ಮನೆ ನೋಡಲು ಹೋದರೆ ದಲ್ಲಾಳಿ ಹೇಳುವ ಮಾತು ಹೆಚ್ಚಾಗಿ ಒಂದೇ: "ಮನಿ ನೋಡಬ್ಯಾಡ್ರಿ, ಜಾಗಾ ನೋಡ್ರಿ. ಕೆಡವಿ ಹೊಸಾದು ಕಟ್ಟಿದ್ರಾತು." ಬೇರೆ ಊರಲ್ಲಿ ಈ ಲೆಕ್ಕ ನಡೆದೀತು. ವಿಜಯಪುರದಲ್ಲಿ ಕೆಡವಿದ ಮೇಲೆ ಕಟ್ಟಲು ಬಿಡುತ್ತಾರೋ ಇಲ್ಲವೋ ಎನ್ನುವುದೇ ಮೊದಲ ಪ್ರಶ್ನೆ.

ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಭಾಗದಲ್ಲಿ ಅನುಮತಿ ಪಡೆದು ಕಟ್ಟಬಹುದು. ನಿಷೇಧಿತ ಭಾಗದಲ್ಲಿ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಗೆ ರಿಪೇರಿ, ನವೀಕರಣ ಮಾತ್ರ, ಅದೂ ಅನುಮತಿ ಪಡೆದೇ. ಮೇಲೊಂದು ಅಂತಸ್ತು ಏರಿಸುವಂತಿಲ್ಲ. ಮನೆ ಮಳೆಗೆ ಪೂರ್ತಿ ಬಿದ್ದರೆ ಮತ್ತೆ ಎಬ್ಬಿಸುವುದು ಕಾನೂನಿನ ಪ್ರಕಾರ ಪುನರ್ನಿರ್ಮಾಣ. ರಿಪೇರಿಯ ವ್ಯಾಖ್ಯೆಯೊಳಗೆ ಅದು ಬರುವುದಿಲ್ಲ. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಜನ ತಪ್ಪುವುದು ಅಳತೆಯಲ್ಲಿ. 100 ಮೀಟರ್ ಎಣಿಸಬೇಕಾದದ್ದು ಗುಮ್ಮಟದಿಂದಲ್ಲ, ರಕ್ಷಿತ ಪ್ರದೇಶದ ಗಡಿಯಿಂದ. ಅಲ್ಲದೆ ಸ್ಮಾರಕ ಎಂದರೆ ಗೋಳಗುಮ್ಮಟ, ಬಾರಾಕಮಾನು, ಜುಮ್ಮಾ ಮಸೀದಿಯಷ್ಟೇ ಅಲ್ಲ. ಮೆಹ್ತರ್ ಮಹಲ್, ಆಸಾರ್ ಮಹಲ್, ತಾಜ್ ಬಾವಡಿ, ಉಪ್ಪಲಿ ಬುರುಜು ಹೀಗೆ ಮನೆಗಳ ನಡುವೆಯೇ ನಿಂತವು ಎಷ್ಟೋ ಇವೆ. ಕೋಟೆಗೋಡೆಯ ಪಕ್ಕದ ಮನೆಯಾದರೂ ಪುರಾತತ್ವ ಇಲಾಖೆಯ ಪಟ್ಟಿ ತೆಗೆದು ನೋಡುವುದು ವಾಸಿ.

ಮನೆ ನಿಷೇಧಿತ ಭಾಗದಲ್ಲಿದ್ದರೆ ಖಾಲಿ ಜಾಗದ ದರ ಹಿಡಿದು ಚೌಕಾಸಿ ಮಾಡುವುದಕ್ಕೆ ಅರ್ಥವಿಲ್ಲ. ಇರುವ ಗೋಡೆ ಮತ್ತು ಮಾಳಿಗೆಗೆ ಎಷ್ಟು ಆಯುಷ್ಯ ಉಳಿದಿದೆಯೋ ಅಷ್ಟೇ ಅದರ ಬೆಲೆ. ಆದ್ದರಿಂದ ಮಾಳಿಗೆ ಹತ್ತಿ ನೋಡಬೇಕು.

ಮೇಲ್ಮುದ್ದೆ ಮಾಳಿಗೆ ಎಂದರೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿ. ಅದರಲ್ಲಿ ಕೆಳಗೆ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ತೊಗರಿಕಟ್ಟಿಗೆ ಅಥವಾ ಹಲಗೆ, ಅದರ ಮೇಲೆ ಮಣ್ಣು. ಒಂಬತ್ತು ಇಂಚು ಮಣ್ಣಿದ್ದರೆ ಚದರಡಿಗೆ ಸುಮಾರು 34 ಕೆಜಿ. ಅಂದರೆ 10x12 ಕೋಣೆಯ ತಲೆಯ ಮೇಲೆ ನಾಲ್ಕು ಟನ್. ಸೋರಿದಾಗೆಲ್ಲ ಹಳೇ ಮಣ್ಣು ತೆಗೆಯದೆ ಮೇಲೆ ಮೇಲೆ ಹೊಸದು ಹಾಕುತ್ತಾ ಬಂದ ಮನೆಗಳಲ್ಲಿ ಅದು ಒಂದೂವರೆ ಅಡಿ ಆಗಿರುತ್ತದೆ: ಎಂಟು ಟನ್. ನೆನೆದಾಗ ಇನ್ನೂ ಹೆಚ್ಚು. ಬೆಳಕಿಂಡಿಯ ಅಂಚಿನಲ್ಲಿ ಟೇಪು ಇಳಿಸಿದರೆ ದಪ್ಪ ಗೊತ್ತಾಗುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

ತೊಲೆಯ ನಡುಭಾಗ ಗಟ್ಟಿಯಾಗಿ ಕಂಡರೆ ಸಮಾಧಾನಪಡಬೇಡಿ. ಅದು ಹಾಳಾಗುವುದು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅಲ್ಲಿ ಗಾಳಿಯಿಲ್ಲ, ಪಸೆ ಉಳಿಯುತ್ತದೆ, ಗೆದ್ದಲಿಗೆ ಗೋಡೆಯೇ ದಾರಿ. ಗೋಡೆ ಸೇರುವ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅರ್ಧ ಇಂಚು ಸಲೀಸಾಗಿ ಹೋದರೆ ಆ ತೊಲೆ ಲೆಕ್ಕಕ್ಕಿಲ್ಲ. ಈಚೆಗೆ ಎಣ್ಣೆಬಣ್ಣ ಬಳಿದಿದ್ದರೆ ಅಲ್ಲಿ ಇನ್ನೂ ಜೋರಾಗಿ ಒತ್ತಿ!

ಮಣ್ಣು ತೆಗೆದು ಸ್ಲ್ಯಾಬ್ ಹಾಕಿಸುತ್ತೇವೆ ಎನ್ನುವವರಿದ್ದಾರೆ. ಐದು ಇಂಚಿನ ಸ್ಲ್ಯಾಬಿನ ತೂಕ ಚದರಡಿಗೆ 28 ಕೆಜಿ, ಅದು ದೊಡ್ಡ ಮಾತಲ್ಲ. ಆದರೆ ಇಲ್ಲಿನ 40 ಡಿಗ್ರಿ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಮಣ್ಣಗಾರೆಯ ಗೋಡೆಯ ನೆತ್ತಿಯನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯ ಮೇಲೆ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಹಾಕದೆ ಸ್ಲ್ಯಾಬ್ ಕೂರಿಸಿದ ಮನೆಗಳಲ್ಲಿ ಮೂಲೆ ಬಿಟ್ಟಿರುವುದು ಇದಕ್ಕೇ.

ಎರಡಡಿ ದಪ್ಪದ ಕಪ್ಪುಕಲ್ಲಿನ ಗೋಡೆ ಸುಲಭಕ್ಕೆ ಬೀಳುವುದಿಲ್ಲ. ಅದಕ್ಕೆ ಶತ್ರು ಸಿಮೆಂಟ್ ಗಿಲಾವು. ಒಳಗಿನ ಪಸೆ ಹೊರಬರಲಾರದೆ ಮೇಲೇರುತ್ತದೆ, ಉಪ್ಪು ಬಿಳಿ ಹಿಟ್ಟಿನಂತೆ ಉದುರುತ್ತದೆ. ನೆಲದಿಂದ ಮೂರಡಿಯವರೆಗೆ ಟೈಲ್ಸ್ ಹೊಡೆದಿದ್ದರೆ ಯಾಕೆ ಎಂದು ಕೇಳಿ. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು ಹೊಸ್ತಿಲು ತಗ್ಗಾಗಿದೆಯೇ, ಅದನ್ನೂ ನೋಡಿ. ಮನೆ ನೋಡಲು ಸೆಪ್ಟೆಂಬರ್ ಒಳ್ಳೆಯದು. ಜಿಲ್ಲೆಯಲ್ಲಿ ಹೆಚ್ಚು ಮಳೆ ಬೀಳುವ ತಿಂಗಳು ಅದೇ.

ಇನ್ನು ಹಗೇವು. ಜೋಳ ತುಂಬಿಡುತ್ತಿದ್ದ ಈ ನೆಲಗುಂಡಿ ಪಡಸಾಲೆಯಲ್ಲೋ ಅಂಗಳದಲ್ಲೋ ಇರುತ್ತದೆ, ಬಾಯಿಗೆ ಪರಸಿಕಲ್ಲು ಮುಚ್ಚಿ ಮೇಲೆ ನೆಲ ಹಾಸಿರುತ್ತಾರೆ. ಹಾರೆಯ ಹಿಂಬದಿಯಿಂದ ಕುಟ್ಟುತ್ತಾ ಹೋದರೆ ಟೊಳ್ಳು ಸದ್ದು ತಿಳಿಯುತ್ತದೆ. ಕಸಕಡ್ಡಿ ತುಂಬಿ ಮುಚ್ಚಿದ್ದರೆ ನೆಲ ಕುಸಿಯುತ್ತದೆ. ತೆಗೆದು, ಅರ್ಧರ್ಧ ಅಡಿ ಗರಸು ಹಾಕಿ ನೀರುಣಿಸಿ ದಮ್ಮಸು ಮಾಡಬೇಕು. ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಜೀವ ಹೋಗುತ್ತದೆ.

ಕಾಗದಪತ್ರದಲ್ಲಿ ಪಾಲಿಕೆಯ ಇ-ಖಾತೆ ಒಂದೇ ಸಾಲದು. ಸಿಟಿ ಸರ್ವೆ ಕಚೇರಿಯಿಂದ ಸಿಟಿಎಸ್ (ನಗರ ಸರ್ವೆ) ನಂಬರಿನ ಉತಾರ, ಅಂದರೆ ದಾಖಲೆಯ ನಕಲು ತೆಗೆಸಿ, ಎರಡರ ಕ್ಷೇತ್ರ ತಾಳೆ ನೋಡಿ. ಹಿರಿಯರ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿ ಬೇಕೇ ಬೇಕು; ಹಿಂದೂ ಕುಟುಂಬದಲ್ಲಿ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು, ಮುಸ್ಲಿಂ ಕುಟುಂಬದಲ್ಲೂ ಮಗಳಿಗೆ ಪಾಲು ಇದ್ದೇ ಇದೆ. "ಅಕ್ಕಂದು ಏನೂ ತಕರಾರಿಲ್ರಿ" ಎಂಬ ಬಾಯಿಮಾತು ಸಾಲದು. ನೋಂದಾಯಿತ ಹಕ್ಕುಬಿಡುಗಡೆ ಪತ್ರವಿರಲಿ, ಇಲ್ಲವೇ ಆಕೆ ಖರೀದಿ ಪತ್ರಕ್ಕೇ ಸಹಿ ಹಾಕಲಿ.

ನೋಂದಣಿ ಖರ್ಚು: ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. 20 ಲಕ್ಷದ ಮನೆಗೆ 1.52 ಲಕ್ಷ. ಸರ್ಕಾರದ ಮಾರ್ಗಸೂಚಿ ದರ ಖರೀದಿ ಬೆಲೆಗಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ.

ಸಂಚಕಾರ (ಮುಂಗಡ ಹಣ) ಕೊಡುವ ಮೊದಲು ಕರಾರುಪತ್ರದಲ್ಲಿ ಎರಡು ಸಾಲು ಸೇರಿಸಿ. ಚಕ್ಕುಬಂದಿಯಲ್ಲಿ ಪಕ್ಕದ ಗೋಡೆ ಸ್ವಂತದ್ದೋ ಸಾಮಾಯಿಕವೋ ಎಂದು ಸ್ಪಷ್ಟವಾಗಿ ಬರೆಸಬೇಕು, ಯಾಕೆಂದರೆ ನಿಮ್ಮ ತೊಲೆಯ ತುದಿ ಕೂತಿರುವುದು ಅದೇ ಗೋಡೆಯಲ್ಲಿ. ಮನೆ ನಿಷೇಧಿತ ಪ್ರದೇಶದಲ್ಲಿದ್ದರೆ, ರಿಪೇರಿ ಅನುಮತಿ ಸಿಗದಿದ್ದಲ್ಲಿ ಸಂಚಕಾರ ವಾಪಸ್ ಎಂಬ ಷರತ್ತೂ ಇರಬೇಕು.