ಎದೆಯ ಸರ್ಜರಿ ಮಾಡಿಸಿಕೊಂಡೆ, ತಲೆಕೂದಲಿನದ್ದು ಬೇಡ ಅಂದೆ

ಗಂಡಸರು ಕಾಸ್ಮೆಟಿಕ್ ಸರ್ಜರಿ ಬಗ್ಗೆ ಮಾತಾಡುವುದೇ ಕಡಿಮೆ. ಮಾತಾಡಿದರೂ ತಲೆಕೂದಲಿನ ಹತ್ತಿರ ನಿಲ್ಲಿಸಿಬಿಡುತ್ತಾರೆ. ನಾನು ಮಾಡಿಸಿಕೊಂಡಿದ್ದು ಎದೆಗೆ. ಹೈಸ್ಕೂಲಿನಲ್ಲಿದ್ದಾಗ ಊದಿಕೊಂಡ ಮೊಲೆ ನನಗೆ ಆಮೇಲೆ ಇಳಿಯಲೇ ಇಲ್ಲ. ಡಾಕ್ಟರುಗಳು ಇದಕ್ಕೆ ಗೈನಕೊಮಾಸ್ಟಿಯಾ ಅನ್ನುತ್ತಾರೆ. ಕ್ಲಾಸಿನ ಹುಡುಗರು ಬೇರೆ ಹೆಸರುಗಳನ್ನು ಇಟ್ಟಿದ್ದರು. ಅವನ್ನು ಇಲ್ಲಿ ಬರೆಯುವುದಿಲ್ಲ. ಅನುಭವಿಸಿದವರಿಗೆ ಅವು ಗೊತ್ತೇ ಇರುತ್ತವೆ.

ಇದರ ಜೊತೆ ಬದುಕುವವನು ಏನೇನು ಮಾಡುತ್ತಾನೆ ಅಂತ ಹೊರಗಿನವರಿಗೆ ಕಾಣಿಸುವುದಿಲ್ಲ. ಬಿಸಿಲುಗಾಲದಲ್ಲೂ ಒಳಗೆ ಬಿಗಿಯಾದ ಬನಿಯನ್, ಅದರ ಮೇಲೆ ಇನ್ನೊಂದು. ಶರ್ಟ್ ಯಾವಾಗಲೂ ಗಾಢ ಬಣ್ಣದ್ದು, ಎದೆ ಮೇಲೆ ಜೇಬಿರುವುದು, ಒಂದು ಸೈಜ್ ದೊಡ್ಡದು. ಬ್ಯಾಗನ್ನು ಅಡ್ಡಡ್ಡ ಹಾಕಿಕೊಳ್ಳುವ ಹಾಗಿಲ್ಲ, ಪಟ್ಟಿ ಬಟ್ಟೆಯನ್ನು ಒತ್ತುತ್ತದೆ. ಎದುರಿನಿಂದ ಗಾಳಿ ಬಂದರೆ ತಿರುಗಿ ನಿಲ್ಲಬೇಕು. ಎಲ್ಲಕ್ಕಿಂತ ಜಾಸ್ತಿ ಮಾಡುತ್ತಿದ್ದ ಕೆಲಸ ಅಂದರೆ, ಎರಡು ಬೆರಳಲ್ಲಿ ಶರ್ಟಿನ ಮುಂಭಾಗವನ್ನು ಹಿಡಿದು ಸ್ವಲ್ಪ ಎಳೆದು ಬಿಡುವುದು. ಎದ್ದಾಗ ಒಮ್ಮೆ, ಕೂತಾಗ ಒಮ್ಮೆ, ಯಾರಾದರೂ ಎದುರಿಗೆ ಬಂದಾಗ ಒಮ್ಮೆ. ಅದು ಎಷ್ಟು ಅಭ್ಯಾಸವಾಗಿತ್ತು ಅಂದರೆ ಕೈ ತಾನಾಗೇ ಹೋಗುತ್ತಿತ್ತು. ಭುಜ ಮುಂದಕ್ಕೆ ಬಾಗಿಸಿ ನಡೆದು ನಡೆದು ಬೆನ್ನು ಗೂನಾಗಿತ್ತು. ನೆಟ್ಟಗೆ ನಿಲ್ಲು ಅಂತ ಅಮ್ಮ ಹೇಳುತ್ತಲೇ ಇದ್ದಳು. ಯಾಕೆ ನಿಲ್ಲಲ್ಲ ಅಂತ ನಾನು ಹೇಳಲಿಲ್ಲ.

ಜಿಮ್‌ಗೆ ಹೋಗು, ಕರಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಬರೀ ಕೊಬ್ಬಾಗಿದ್ದರೆ ಕರಗಬಹುದು. ನನ್ನದು ಗ್ರಂಥಿ. ಮೊಲೆತೊಟ್ಟಿನ ಹಿಂದೆ ಒತ್ತಿ ನೋಡಿದರೆ ಗಟ್ಟಿಯಾದ ಬಿಲ್ಲೆ ಕೈಗೆ ಸಿಗುತ್ತಿತ್ತು. ಅದು ಓಡಿದರೂ ಹೋಗಲ್ಲ, ಹಸಿದರೂ ಹೋಗಲ್ಲ. ಪುಷ್‌ಅಪ್ ಹೊಡೆದಷ್ಟೂ ಹಿಂದಿನ ಸ್ನಾಯು ಬೆಳೆದು ಅದನ್ನೇ ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ತೂಕ ಇಳಿಸಿ ಕೆನ್ನೆಯೆಲ್ಲ ಒಳಗೆ ಹೋಗಿದ್ದರೂ ಎದೆ ಹಾಗೇ ಇತ್ತು.

ಇದನ್ನು ಯಾರಾದರೂ ಹುಡುಗ ಓದುತ್ತಿದ್ದರೆ ಒಂದು ಮಾತು. ಹದಿವಯಸ್ಸಿನ ಹುಡುಗರಲ್ಲಿ ಸುಮಾರು ಅರ್ಧಕ್ಕರ್ಧ ಜನರಿಗೆ ಇದು ಸ್ವಲ್ಪವಾದರೂ ಬರುತ್ತದೆ. ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಇಳಿಯುತ್ತದೆ. ಆದ್ದರಿಂದ 14ನೇ ವಯಸ್ಸಿನಲ್ಲೇ ಚಾಕುವಿನ ಯೋಚನೆ ಬೇಡ. ದೊಡ್ಡವರಾದ ಮೇಲೆ ಹೊಸದಾಗಿ ಬಂದಿದ್ದರೆ ಸೀದಾ ಸರ್ಜನ್ ಹತ್ತಿರ ಹೋಗದೆ ಮೊದಲು ಫಿಸಿಷಿಯನ್‌ಗೆ ತೋರಿಸಿ. ಕೆಲವು ಮಾತ್ರೆಗಳಿಂದ, ಲಿವರ್ ಅಥವಾ ಥೈರಾಯ್ಡ್ ತೊಂದರೆಯಿಂದ, ಜಿಮ್‌ನಲ್ಲಿ ತೆಗೆದುಕೊಳ್ಳುವ ಸ್ಟೀರಾಯ್ಡ್‌ನಿಂದ, ಅಪರೂಪಕ್ಕೆ ವೃಷಣದ ಗಡ್ಡೆಯಿಂದಲೂ ಇದು ಬರುತ್ತದೆ. ನಾಚಿಕೆಯಿಂದ ಮುಚ್ಚಿಟ್ಟುಕೊಂಡರೆ ಇದ್ಯಾವುದೂ ಗೊತ್ತಾಗುವುದೇ ಇಲ್ಲ. ನನಗೆ ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲಾ ಮಾಡಿದರು. ಏನೂ ಕಾರಣ ಸಿಗಲಿಲ್ಲ. ಬಂದಿತ್ತು, ಉಳಿದಿತ್ತು, ಅಷ್ಟೇ. ಹಳೆಯದಾದ ಗ್ರಂಥಿ ಗಟ್ಟಿಯಾಗಿಬಿಟ್ಟಿರುತ್ತದೆ, ಅದರ ಮೇಲೆ ಮಾತ್ರೆ ಕೆಲಸ ಮಾಡುವುದು ಕಡಿಮೆ.

ಸರ್ಜನ್ ಹತ್ತಿರ ಹೋದಾಗ ಅವರು ಎದೆ ನೋಡುವ ಮೊದಲು ಒಂದು ಪ್ರಶ್ನೆ ಕೇಳಿದರು. "ಆಪರೇಷನ್ ಆದ್ಮೇಲೆ ಏನ್ ಮಾಡ್ಬೇಕು ಅಂದ್ಕೊಂಡಿದ್ದೀರಿ?" ನನಗೆ ಯೋಚಿಸಬೇಕಾಗಲಿಲ್ಲ. ಈಜು ಕಲಿಯಬೇಕು, ಬನಿಯನ್ ಇಲ್ಲದೆ ಒಂದೇ ಒಂದು ತೆಳು ಶರ್ಟ್ ಹಾಕಿಕೊಂಡು ಹೊರಗೆ ಹೋಗಬೇಕು ಅಂದೆ. ಅವರು ತಲೆಯಾಡಿಸಿದರು. "ಇದು ನನ್ ಕೈಲಾಗುತ್ತೆ. ಮದುವೆ ಆಗುತ್ತೆ, ಧೈರ್ಯ ಬರುತ್ತೆ, ಕೆಲಸದಲ್ಲಿ ಮೇಲಕ್ಕೆ ಹೋಗ್ತೀನಿ ಅಂದಿದ್ರೆ ಇನ್ನೊಂದು ಸಲ ಬನ್ನಿ, ಮಾತಾಡೋಣ ಅಂತಿದ್ದೆ." ಆ ಡಾಕ್ಟರ ಮೇಲೆ ನನಗೆ ಇವತ್ತಿಗೂ ಗೌರವ. ಹಣ ಕೊಡಲು ತಯಾರಾಗಿ ಬಂದವನಿಗೆ ಹೀಗೆ ಹೇಳುವವರು ಸುಲಭಕ್ಕೆ ಸಿಗುವುದಿಲ್ಲ.

ಆಪರೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ತೊಟ್ಟಿನ ಸುತ್ತ ಕಪ್ಪು ಬಣ್ಣ ಇರುತ್ತದಲ್ಲ, ಅದರ ಕೆಳ ಅಂಚಿನಲ್ಲಿ ಅರ್ಧ ವೃತ್ತದಷ್ಟು ಕೊಯ್ಯುತ್ತಾರೆ. ಕಲೆ ಆ ಅಂಚಿನಲ್ಲೇ ಸೇರಿಹೋಗಲಿ ಅಂತ. ಸುತ್ತಲಿನ ಕೊಬ್ಬನ್ನು ಕೊಳವೆಯಿಂದ ಎಳೆದು, ಗ್ರಂಥಿಯನ್ನು ಕತ್ತರಿಸಿ ತೆಗೆಯುತ್ತಾರೆ. ಪೂರ್ತಿ ತೆಗೆದರೆ ತೊಟ್ಟು ಗುಳಿ ಬೀಳುತ್ತದೆ, ಅದಕ್ಕೇ ತೆಳುವಾಗಿ ಒಂದು ಪದರ ಬಿಡುತ್ತಾರೆ. ಕೇಳಿಕೊಂಡಿದ್ದೆನಾದ್ದರಿಂದ ತೆಗೆದಿದ್ದನ್ನು ನನಗೆ ಆಮೇಲೆ ತೋರಿಸಿದರು. ಸ್ಟೀಲಿನ ಬಟ್ಟಲಲ್ಲಿ ಎರಡು ತುಂಡು. ಬಿಳಿ ಹಳದಿ ಬಣ್ಣ, ರಬ್ಬರಿನ ಹಾಗೆ ಗಟ್ಟಿ. ತುಂಬ ಹೊತ್ತು ನೋಡಿದೆ. ನನ್ನ ಇಡೀ ಕಾಲೇಜು ಜೀವನವನ್ನು ನಡೆಸಿದ್ದು ಇವೇ ಎರಡು ತುಂಡು.

ಆಮೇಲೆ ವಾರಗಟ್ಟಲೆ ಬಿಗಿಯಾದ ಕಂಪ್ರೆಷನ್ ವೆಸ್ಟ್. ಮೈಮೇಲೆ ನೀಲಿ, ಹಸಿರು, ಹಳದಿ ಕಲೆಗಳು. ಮಗ್ಗುಲಾಗಿ ಮಲಗುವ ಹಾಗಿಲ್ಲ. ಊತ ಪೂರ್ತಿ ಇಳಿದು ಆಕಾರ ನಿಲ್ಲುವುದಕ್ಕೆ ತಿಂಗಳುಗಳು ಬೇಕಾದವು. ಎಡಗಡೆ ಸ್ವಲ್ಪ ಜಾಗದಲ್ಲಿ ಈಗಲೂ ಸ್ಪರ್ಶ ಸರಿಯಾಗಿ ಗೊತ್ತಾಗುವುದಿಲ್ಲ. ಹತ್ತಿರದಿಂದ ನೋಡಿದರೆ ಎರಡೂ ಬದಿ ಒಂದೇ ಥರ ಇಲ್ಲ. ನನಗೆ ಅದು ತೊಂದರೆ ಅನ್ನಿಸಿಲ್ಲ. ಆದರೆ ಇದನ್ನು ಹೇಳದೆ ಬರೀ ಚೆನ್ನಾಗಾಯಿತು ಅಂದರೆ ಓದುವವರಿಗೆ ಮೋಸ ಮಾಡಿದಂತೆ. ಈಜು ಕಲಿತೆ. ತೆಳು ಬಿಳಿ ಶರ್ಟ್ ಹಾಕುತ್ತೇನೆ. ಬೆರಳು ಶರ್ಟ್ ಹಿಡಿಯುವುದು ನಿಲ್ಲಲು ಮಾತ್ರ ಎದೆಗಿಂತ ತುಂಬ ತಡವಾಯಿತು.

ಮನೆಯವರಿಗೆ ಹೇಳಿದ್ದು ಎಲ್ಲಾ ಮುಗಿದ ಮೇಲೆ. "ಅದೇನ್ ಕಾಯಿಲೆನಾ? ಸುಮ್ನೆ ಶೋಕಿ" ಅಂದರು ದೊಡ್ಡಪ್ಪ. ಈ ಮಾತನ್ನು ಎಷ್ಟೋ ಜನ ಎಷ್ಟೋ ಥರ ಹೇಳಿದ್ದಾರೆ. ಸುಟ್ಟ ಗಾಯಕ್ಕೆ ಸರ್ಜರಿ ಆದರೆ ಸರಿ, ಅಪಘಾತದಲ್ಲಿ ಮುಖ ಜಜ್ಜಿಹೋಗಿದ್ದರೆ ಸರಿ, ಮೈ ತಾನಾಗೇ ಬೆಳೆದ ರೀತಿಗೆ ಮಾತ್ರ ಶೋಕಿ. ಗೆರೆ ಎಲ್ಲಿ ಎಳೆಯುವುದು? ಮೊದಲ ಮಹಾಯುದ್ಧದಲ್ಲಿ ಮುಖ ಒಡೆದುಹೋದ ಸೈನಿಕರಿಗೆ ಹೆರಾಲ್ಡ್ ಗಿಲೀಸ್ ಎಂಬ ಸರ್ಜನ್ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಿಂದ ಮೂಗು ದವಡೆ ಕಟ್ಟಿಕೊಟ್ಟರು. ಆ ಸೈನಿಕರಲ್ಲಿ ಎಷ್ಟೋ ಜನರ ಜೀವ ಆಗಲೇ ಉಳಿದಿತ್ತು. ಅವರಿಗೆ ಬೇಕಿದ್ದದ್ದು ಜನರ ಎದುರು ಬರುವ ಮುಖ. ಇನ್ನೂ ಹಿಂದಕ್ಕೆ ಹೋದರೆ, 7ನೇ ಶತಮಾನದ ಗ್ರೀಕ್ ವೈದ್ಯ ಈಜಿನಾದ ಪೌಲ್ ನನಗೆ ಆಗಿದ್ದ ತೊಂದರೆಗೇ ಆಪರೇಷನ್ ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಅರ್ಧಚಂದ್ರನ ಆಕಾರದಲ್ಲಿ ಕೊಯ್ದು, ಒಳಗಿನದನ್ನು ತೆಗೆದು, ಹೊಲಿಯಬೇಕು ಅಂತ. ಯಾಕೆ ಮಾಡಬೇಕು ಅನ್ನುವುದಕ್ಕೆ ಅವನು ಕೊಟ್ಟ ಕಾರಣ ನೋವಲ್ಲ. ಹೆಂಗಸಿನ ಥರ ಇದ್ದಾನೆ ಅಂತ ಜನ ಹೀಯಾಳಿಸುತ್ತಾರೆ, ಅದಕ್ಕೆ. ಇದನ್ನು ಓದಿದ ದಿನ ನನಗೆ ದುಃಖವೂ ಆಯಿತು, ಸಮಾಧಾನವೂ ಆಯಿತು. ಅಷ್ಟು ಹಿಂದೆಯೂ ಯಾವನೋ ಹುಡುಗ ಇದೇ ಮಾತು ಕೇಳಿಸಿಕೊಂಡು ವೈದ್ಯರ ಮುಂದೆ ಕೂತಿದ್ದ.

ಹೀಯಾಳಿಸುವವರನ್ನು ಬಿಟ್ಟು ನಿನ್ನ ಮೈಯನ್ನು ಯಾಕೆ ಕೊಯ್ಸಿಕೊಂಡೆ ಅಂತ ಒಬ್ಬ ಗೆಳತಿ ಕೇಳಿದ್ದಳು. ಈ ಪ್ರಶ್ನೆಯನ್ನು ತಳ್ಳಿಹಾಕಲು ನನಗೆ ಆಗುವುದಿಲ್ಲ. ಅವಳು ಹೇಳುವುದು ಸರಿ. ಎಲ್ಲರೂ ಒಂದೇ ಥರ ಆಗುತ್ತಾ ಹೋದರೆ, ಮಾಡಿಸಿಕೊಳ್ಳದವರ ಮೈಯೇ ತಪ್ಪು ಅಂತ ಕಾಣಲು ಶುರುವಾಗುತ್ತದೆ. ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್ ಚುಚ್ಚಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅದರ ಪರಿಣಾಮ ಇರುವುದು ಮೂರು ನಾಲ್ಕು ತಿಂಗಳು. ಈಗ ಮೂವತ್ತು ತುಂಬದವರಿಗೂ ಗೆರೆ ಬರುವ ಮೊದಲೇ ಚುಚ್ಚಿಸಿಕೊಳ್ಳಿ ಅನ್ನುತ್ತಾರೆ. ಇಲ್ಲದ ಗೆರೆಗೆ ಹೆದರಿಸಿ ದುಡ್ಡು ಮಾಡುವುದು ನನಗೆ ಸಿಟ್ಟು ತರಿಸುತ್ತದೆ. ಸರ್ಜರಿಗೆ ಮೊದಲು ಮತ್ತು ನಂತರ ಅಂತ ತೋರಿಸುವ ಫೋಟೊಗಳನ್ನೂ ಗಮನಿಸಿ ನೋಡಿ. ಮೊದಲಿನದರಲ್ಲಿ ಬೆಳಕು ಮಂಕು, ಭುಜ ಇಳಿಬಿದ್ದಿದೆ. ನಂತರದ್ದರಲ್ಲಿ ನಗು, ಒಳ್ಳೆ ಬೆಳಕು. ಅರ್ಧ ಸರ್ಜರಿ ಕ್ಯಾಮೆರಾನೇ ಮಾಡಿರುತ್ತದೆ. ಇಷ್ಟೆಲ್ಲ ಒಪ್ಪಿಕೊಂಡೂ ಅವಳಿಗೆ ನಾನು ಹೇಳಿದ್ದು ಇಷ್ಟೇ. ಜನ ಬದಲಾಗುವವರೆಗೆ ಕಾಯುತ್ತಾ ನನ್ನೊಬ್ಬನ ವಯಸ್ಸೇ ಯಾಕೆ ಖರ್ಚಾಗಬೇಕು?

ಈಗ ನನ್ನ ತಲೆಕೂದಲು ಉದುರುತ್ತಿದೆ. ನೆತ್ತಿ ಚೆನ್ನಾಗಿಯೇ ಕಾಣುತ್ತದೆ. ಒಂದು ಮಾಡಿಸಿಕೊಂಡವನು ಇದನ್ನೂ ಮಾಡಿಸಿಕೊಳ್ಳುತ್ತಾನೆ ಅಂತ ಸುತ್ತಲಿನವರು ಅಂದುಕೊಂಡಿದ್ದಾರೆ. ವಿಚಾರಿಸಿದ್ದೂ ಉಂಟು. ಹೇರ್ ಟ್ರಾನ್ಸ್‌ಪ್ಲಾಂಟ್‌ನಲ್ಲಿ ಹೊಸ ಕೂದಲು ಹುಟ್ಟುವುದಿಲ್ಲ, ತಲೆ ಹಿಂಭಾಗದ್ದನ್ನು ಕಿತ್ತು ಮುಂದೆ ನೆಡುತ್ತಾರೆ. ಅಲ್ಲಿರುವ ದಾಸ್ತಾನು ಅಷ್ಟೇ. ನೆಟ್ಟಿದ್ದು ಉಳಿದರೂ ಸುತ್ತಲಿನ ಹಳೆ ಕೂದಲು ಉದುರುತ್ತಲೇ ಇರುತ್ತದೆ. ಅದನ್ನು ತಡೆಯಲು ಸಾಮಾನ್ಯವಾಗಿ ಕೊಡುವ ಫಿನಾಸ್ಟರೈಡ್ ಮಾತ್ರೆಗೆ, ಅಪರೂಪಕ್ಕಾದರೂ, ಗಂಡಸರ ಎದೆ ಊದುವುದು ಒಂದು ಅಡ್ಡಪರಿಣಾಮ. ನನಗೆ ಅದೊಂದೇ ಸಾಕಿತ್ತು. ಆದರೆ ನಿಜವಾದ ಕಾರಣ ಅದಲ್ಲ. ನನ್ನ ಬೋಳು ತಲೆ ನನ್ನ ದಿನದಲ್ಲಿ ಒಂದು ನಿಮಿಷವನ್ನೂ ಕೇಳುವುದಿಲ್ಲ. ಅದಕ್ಕಾಗಿ ನಾನು ಎಲ್ಲಿಗೂ ಹೋಗದೆ ಉಳಿದಿಲ್ಲ, ಗಾಳಿಗೆ ಬೆನ್ನು ಮಾಡಿ ನಿಂತಿಲ್ಲ. ಇದೇ ತಲೆ ಇನ್ನೊಬ್ಬನಿಗೆ ನನ್ನ ಎದೆಯಷ್ಟೇ ಭಾರ ಆಗಿರಬಹುದು. ಅವನು ಮಾಡಿಸಿಕೊಂಡರೆ ಶೋಕಿ ಅನ್ನಲು ನಾನು ಯಾರು?

ಇಷ್ಟು ಸುಲಭಕ್ಕೆ ಮಾತಾಡುತ್ತಿದ್ದವನನ್ನು ಹಿಡಿದು ನಿಲ್ಲಿಸಿದ್ದು ಅಕ್ಕನ ಮಗಳು. ಅವಳಿಗೆ ಈಗ 20. ಮೂಗಿನ ಮೇಲೆ ಸಣ್ಣ ಉಬ್ಬಿದೆ, ಅದನ್ನು ಸರಿ ಮಾಡಿಸಬೇಕಂತೆ. ಮನೆಯಲ್ಲಿ ಎಲ್ಲರೂ ಬೇಡ ಅಂದರು. ನಾನೂ ತಕ್ಷಣ ಹೂಂ ಅನ್ನಲಿಲ್ಲ.

"ಮಾಮ, ನೀನು ಮಾಡಿಸ್ಕೊಂಡಾಗ ಸರಿ, ನನಗಾದ್ರೆ ಮಾತ್ರ ಯೋಚನೇನಾ?"

ಸರಿಯಾದ ಪ್ರಶ್ನೆ ಅಲ್ವಾ? ನಾನು ಅವಳ ಫೋನ್ ಈಸಿಕೊಂಡೆ. ಅವಳು ನೋಡಿ ನೋಡಿ ಬೇಜಾರು ಮಾಡಿಕೊಂಡಿದ್ದೆಲ್ಲ ಸೆಲ್ಫಿ. ಒಂದು ಅಡಿ ದೂರದಿಂದ ತೆಗೆದರೆ ಮೂಗು, ಐದು ಅಡಿಯಿಂದ ತೆಗೆದಿದ್ದಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಅಂತ 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ತೋರಿಸಿದ್ದಾರೆ. ಅವಳನ್ನು ಗೋಡೆ ಹತ್ತಿರ ನಿಲ್ಲಿಸಿ ದೂರದಿಂದ ಒಂದು ಫೋಟೊ ತೆಗೆದೆ, ಪಕ್ಕದಿಂದ ಇನ್ನೊಂದು. ಅವಳು ಎರಡನ್ನೂ ದೊಡ್ಡದು ಮಾಡಿ ನೋಡಿದಳು.

"ಅಗಲ ಕಮ್ಮಿ ಆಯ್ತು. ಉಬ್ಬು ಇದೆಯಲ್ಲ" ಅಂದಳು.

ಇತ್ತು. ನನಗೆ ಅದು ಚೆನ್ನಾಗೇ ಕಾಣುತ್ತದೆ, ನಮ್ಮ ಅಪ್ಪನ ಮೂಗು ಅದು. ಆದರೆ ನನಗೆ ಚೆನ್ನಾಗಿ ಕಾಣುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಎದೆಯೂ ಅಮ್ಮನಿಗೆ ಚೆನ್ನಾಗೇ ಇತ್ತು. ಇನ್ನೊಂದು ಭಯ ನನಗಿತ್ತು. ಕೆಲವರಿಗೆ ಬೇರೆಯವರಿಗೆ ಕಾಣದ ಕೊರತೆಯೇ ಇಡೀ ದಿನ ಕಾಡುತ್ತದೆ. ಅದು ಮನಸ್ಸಿನ ಕಾಯಿಲೆ, ಅಂಥವರಿಗೆ ಸರ್ಜರಿಯಿಂದ ನೆಮ್ಮದಿ ಸಿಗುವುದು ಅಪರೂಪ, ಕಣ್ಣು ಇನ್ನೊಂದು ಕೊರತೆಗೆ ಹೋಗುತ್ತದೆ. ಅವಳಿಗೆ ಹಾಗಿದೆಯಾ ಅಂತ ತಿಳಿಯಲು ನನ್ನ ಡಾಕ್ಟರ್ ಕೇಳಿದ್ದನ್ನೇ ಕೇಳಿದೆ. ಆಪರೇಷನ್ ಆದ್ಮೇಲೆ ಏನು ಮಾಡ್ತೀಯ?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕ್ಲಾಸಲ್ಲಿ ನಡುವೆ ಕೂತ್ಕೋತೀನಿ" ಅಂದಳು. ಅವಳು ಯಾವಾಗಲೂ ಕೂರುವುದು ಗೋಡೆ ಪಕ್ಕದ ಕೊನೆ ಸೀಟಿನಲ್ಲಂತೆ. ಒಂದು ಕಡೆ ಗೋಡೆ, ಇನ್ನೊಂದು ಕಡೆಗೆ ಕೈ ಅಡ್ಡ. ಯಾರೂ ಪಕ್ಕದಿಂದ ಮುಖ ನೋಡಬಾರದು. ಹೇಳುವಾಗಲೂ ಅವಳ ಎಡಗೈ ಕೆನ್ನೆ ಮೇಲೇ ಇತ್ತು.

ಆಮೇಲೆ ನಾನು ಬೇಡ ಅನ್ನಲಿಲ್ಲ. ನನಗೆ ಗೊತ್ತಿರುವುದನ್ನೆಲ್ಲ ಹೇಳಿದೆ. ಮೂಗಿನದು ಎದೆಯದ್ದಕ್ಕಿಂತ ಕಷ್ಟ. ಮೂಳೆ ಒಡೆದು ಕೂಡಿಸಬೇಕಾಗಬಹುದು. ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ ಹಿಡಿಯುತ್ತದೆ. ಕೆಲವರಿಗೆ ಎರಡನೇ ಸಲ ಮಾಡಬೇಕಾಗುತ್ತದೆ, ಕೆಲವರಿಗೆ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಅವಳು ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು. ಸ್ನೇಹಿತೆಯರು ಕಳಿಸಿದ್ದ ನಟಿಯರ ಮೂಗಿನ ಫೋಟೊಗಳನ್ನು ಡಾಕ್ಟರಿಗೆ ತೋರಿಸುವುದು ಬೇಡ ಅಂತ ಅವಳೇ ತೀರ್ಮಾನ ಮಾಡಿದಳು.

ಮುಂದಿನ ತಿಂಗಳು ಸರ್ಜನ್ ಹತ್ತಿರ ಹೋಗುತ್ತಿದ್ದೇವೆ, ಬರೀ ಮಾತಾಡಲು. ಅಕ್ಕನಿಗೆ ನನ್ನ ಮೇಲೆ ಕೋಪ ಇನ್ನೂ ಇಳಿದಿಲ್ಲ, ಆದರೂ ನಾನೂ ಬರ್ತೀನಿ ಅಂದಿದ್ದಾಳೆ. ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಲ್ಲಿ ಅಕ್ಕನದೂ ಒಂದು ಸೇರಿದೆ: ಮಾಡಲ್ಲ ಅಂತ ನೀವು ವಾಪಸ್ ಕಳಿಸುವುದು ಎಂಥವರನ್ನು?