ಮೇಫ್ಲವರ್ ಹಡಗಿನ ಮೋರ್ ಮಕ್ಕಳ ತಂದೆ ಯಾರು?

1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೊರಟ ಮೇಫ್ಲವರ್ ಹಡಗಿನಲ್ಲಿ ತಂದೆತಾಯಿ ಜೊತೆಗಿಲ್ಲದ ನಾಲ್ವರು ಒಡಹುಟ್ಟಿದವರಿದ್ದರು: ಎಲೆನ್, ಜಾಸ್ಪರ್, ರಿಚರ್ಡ್ ಮತ್ತು ಮೇರಿ ಮೋರ್. ಹಿರಿಯಳಿಗೆ ಎಂಟು ವರ್ಷ, ಕಿರಿಯಳಿಗೆ ನಾಲ್ಕು. ಆ ಹಡಗಿನವರು ಅಮೆರಿಕದಲ್ಲಿ ಕಟ್ಟಿದ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟ ಪ್ರಯಾಣಿಕರ ಪಟ್ಟಿಯಲ್ಲಿ ಇವರು ಬೇರೆ ಬೇರೆ ಮನೆಗಳಿಗೆ ಒಪ್ಪಿಸಲಾದ ಮಕ್ಕಳಷ್ಟೇ. ಅಲ್ಲಿ ಮೇರಿಯ ಹೆಸರೇ ಇಲ್ಲ, ರಿಚರ್ಡನ ಜೊತೆಗಿದ್ದದ್ದು ಅವನ ಸಹೋದರನೆಂದು ಬರೆದಿದೆ. ಕಣ್ಣಾರೆ ಕಂಡವನ ಬರಹವೂ ತಪ್ಪಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಈ ಮಕ್ಕಳು ಲಂಡನ್ನಿನ ಅನಾಥರಿರಬೇಕೆಂದು ಬಹುಕಾಲ ಭಾವಿಸಲಾಗಿತ್ತು.

ವಾಸ್ತವದಲ್ಲಿ ಅವರು ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಭೂಮಾಲೀಕ ಮನೆತನದವರು. 1612ರಿಂದ 1616ರ ನಡುವೆ ನಾಲ್ವರಿಗೂ ಶಿಪ್ಟನ್ ಗ್ರಾಮದ ಚರ್ಚಿನಲ್ಲಿ ದೀಕ್ಷಾಸ್ನಾನವಾಗಿದ್ದು, ಅಲ್ಲಿನ ದಫ್ತರದ ಪ್ರಕಾರ ಅವರ ತಂದೆ ಸಾಮ್ಯುಯೆಲ್ ಮೋರ್. ತಾಯಿ ಕ್ಯಾಥರೀನ್ ಅವನ ಸಂಬಂಧಿಯೇ. ಲಾರ್ಡನ್ ಮತ್ತು ಲಿನ್ಲಿಯ ಜಮೀನುಗಳು ಒಂದೇ ಕುಟುಂಬದಲ್ಲಿ ಉಳಿಯಲೆಂದು 1611ರಲ್ಲಿ, ಸಾಮ್ಯುಯೆಲ್ ಇನ್ನೂ ಹದಿಹರೆಯದಲ್ಲಿದ್ದಾಗಲೇ, ವಯಸ್ಸಿನಲ್ಲಿ ತನಗಿಂತ ಹಿರಿಯಳಾದ ಆಕೆಯೊಡನೆ ಅವನ ಮದುವೆ ಮಾಡಲಾಗಿತ್ತು.

1959ರಲ್ಲಿ ಮನೆತನದ ವಂಶಸ್ಥ ಜಾಸ್ಪರ್ ಮೋರ್ ಅವರಿಗೆ ಅಟ್ಟದಲ್ಲಿ 1622ರ ಪತ್ರವೊಂದು ಸಿಕ್ಕಿತು. ಮಕ್ಕಳನ್ನು ಏನು ಮಾಡಿದಿರೆಂದು ಕ್ಯಾಥರೀನ್ ಮುಖ್ಯ ನ್ಯಾಯಾಧೀಶರಿಗೆ ಸಲ್ಲಿಸಿದ ದೂರಿಗೆ ಸಾಮ್ಯುಯೆಲ್ ಕೊಟ್ಟ ಉತ್ತರವದು. ಪತ್ನಿಗೆ ಜೇಕಬ್ ಬ್ಲೇಕ್‌ವೇ ಎಂಬ ನೆರೆಯವನೊಡನೆ ದೀರ್ಘಕಾಲದ ಸಂಬಂಧವಿತ್ತು, ಬಹುಪಾಲು ಮಕ್ಕಳ ಮುಖಚಹರೆಯೂ ಮೈಕಟ್ಟೂ ಅವನನ್ನೇ ಹೋಲುತ್ತಿದ್ದವು ಎಂದು ಅದರಲ್ಲಿದೆ. ಕ್ಯಾಥರೀನಳ ವಾದ ಬೇರೆ: ಮದುವೆಗೆ ಮೊದಲೇ ಬ್ಲೇಕ್‌ವೇಯೊಡನೆ ತನಗೆ ವಿವಾಹದ ಒಪ್ಪಂದವಾಗಿತ್ತೆಂದು ಆಕೆ ಹೇಳಿದಳು, ಆದರೆ ಅದನ್ನು ಸಾಬೀತುಪಡಿಸಲಾಗಲಿಲ್ಲ. ಸಾಮ್ಯುಯೆಲ್ 1616ರಲ್ಲೇ ಆಸ್ತಿ ಈ ಮಕ್ಕಳಿಗೆ ಹೋಗದಂತೆ ಪತ್ರ ಮಾಡಿಸಿದ್ದ. ಅವರನ್ನು ತಾಯಿಯಿಂದ ಕಿತ್ತು ತನ್ನ ತಂದೆಯ ಗೇಣಿದಾರರ ಮನೆಯಲ್ಲಿರಿಸಿ, ಕೊನೆಗೆ ಹಡಗು ಹತ್ತಿಸಿದ.

ಬ್ಲೇಕ್‌ವೇಯೇ ತಂದೆಯೆಂದು ಇಂದು ಅನೇಕ ವಂಶವೃಕ್ಷಗಳಲ್ಲಿ ನಿಸ್ಸಂಶಯವಾಗಿ ಬರೆದಿರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ನಿರ್ಣಯಕ್ಕೆ ಮುಖ್ಯ ಆಧಾರ ಸಾಮ್ಯುಯೆಲನ ಹೇಳಿಕೆ. ಅದು ಮಕ್ಕಳನ್ನು ದೂರಮಾಡಿದ ಕೃತ್ಯವನ್ನು ಸಮರ್ಥಿಸಿಕೊಳ್ಳಲು, ಆ ಮಕ್ಕಳಲ್ಲಿ ಮೂವರು ಮೊದಲ ಚಳಿಗಾಲದಲ್ಲೇ ಸತ್ತಿದ್ದಾಗ, ಬರೆದ ಪತ್ರ. ಹಾಗೆಂದು ದೀಕ್ಷಾಸ್ನಾನದ ದಾಖಲೆಯೂ ಸಾಕ್ಷ್ಯವಾಗಿ ದುರ್ಬಲವೇ, ಏಕೆಂದರೆ ವಿವಾಹಿತೆಗೆ ಹುಟ್ಟಿದ ಮಗುವಿನ ತಂದೆ ಗಂಡನೇ ಎಂದು ಕಾನೂನು ಭಾವಿಸುತ್ತಿತ್ತು. ಸಾಮ್ಯುಯೆಲನ ಮಾತು ಹೆಚ್ಚು ಸಂಭವನೀಯವೆಂದೇ ನನಗೂ ಅನ್ನಿಸುತ್ತದೆ. ಆದರೆ ಸಂಭವನೀಯವಾದುದನ್ನು ಸಿದ್ಧವಾದುದೆಂದು ಬರೆಯಲಾಗದು.

ಬದುಕುಳಿದ ರಿಚರ್ಡ್ ಮುಂದೆ ಅಮೆರಿಕದ ಸೇಲಂನಲ್ಲಿ ಹಡಗಿನ ಕಪ್ತಾನನಾದ. ಅವನ ಸಂತತಿಯವರು ತಂದೆಯ ಕಡೆಯ ಶಾಖೆಯಲ್ಲಿ ಎರಡೂ ಹೆಸರುಗಳನ್ನು, ಒಂದನ್ನು ಕಾನೂನಿನ ತಂದೆಯೆಂದೂ ಇನ್ನೊಂದನ್ನು ಆರೋಪಿತ ತಂದೆಯೆಂದೂ ಗುರುತಿಸಿ ಇಟ್ಟುಕೊಳ್ಳುವುದೇ ಪ್ರಾಮಾಣಿಕ ಮಾರ್ಗ. ತಾಯಿಯ ಕಡೆ ಈ ತೊಡಕಿಲ್ಲ: ಸ್ಕಾಟ್ಲೆಂಡಿನ ದೊರೆ ಮೂರನೆಯ ಮಾಲ್ಕಂನವರೆಗೆ ವಿದ್ವಾಂಸರು ಗುರುತಿಸಿರುವ ರಿಚರ್ಡನ ರಾಜವಂಶದ ಎಳೆ ಹಾದುಬರುವುದು ಕ್ಯಾಥರೀನಳ ಮೂಲಕ, ತಂದೆ ಯಾರೇ ಆಗಿದ್ದರೂ ಅದು ಬದಲಾಗುವುದಿಲ್ಲ.